ಬೆಳಗಾವಿಯಿಂದ ಆಂಟ್‌ವರ್ಪಿಗೆ

ಚಿಂತಾಮಣಿಯಿಂದ ಶಿಡ್ಲಘಟ್ಟದ ಮಾರ್ಗವಾಗಿ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಾದಿ ಹೆಚ್ಚುಕಡಿಮೆ ನಲವತ್ತು ಕಿಲೋಮೀಟರು. ಬಸ್ಸಿನಲ್ಲಿ ಕುಳಿತವರಿಗೂ ಅದು ಅಲ್ಪ ದೂರವೆನಿಸದು. ಅಷ್ಟು ದೂರವನ್ನು, ಅದಕ್ಕಿಂತ ತುಸು ಹೆಚ್ಚಾಗಿಯೇ, ಒಂದೇ ಸಮನೆ ಓಡಿ ಮುಗಿಸುವ ಸ್ಪರ್ಧೆಗೆ ಮ್ಯಾರಥಾನ್ ಎಂದು ಹೆಸರು. ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಪರವಾಗಿ ಈ ಓಟವನ್ನು ಮೊತ್ತಮೊದಲು ಪೂರೈಸಿದವರು ಕನ್ನಡನಾಡಿನ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು.

ಚೌಗುಲೆಯವರು ಜನಿಸಿದ್ದು 1902ರಲ್ಲಿ. ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಭಾಗದಲ್ಲಿ ಗರಡಿಮನೆಗಳಿಗೆ ಕೊರತೆಯಿರಲಿಲ್ಲ; ಕುಸ್ತಿಯ ಪೈಲ್ವಾನನಿಗೆ ಊರಿನಲ್ಲಿ ಸಲ್ಲುತ್ತಿದ್ದ ಮರ್ಯಾದೆಯೇ ಬೇರೆ. ಓಟಗಾರನಿಗೆ ಅಂತಹ ಭಾಗ್ಯವೆಲ್ಲಿಯದು? ಅವನಿಗೆ ಅಳತೆಮಾಡಿದ ಮೈದಾನವಿಲ್ಲ, ವೇಳೆಯನ್ನು ಕ್ಷಣಕ್ಷಣಕ್ಕೂ ಎಣಿಸುವ ಗಡಿಯಾರವಿಲ್ಲ, ತಪ್ಪನ್ನು ತಿದ್ದುವ ಗುರುವಿಲ್ಲ. ಬಂಡಿಗಳು ಸಾಗುವ ಮಣ್ಣಿನ ರಸ್ತೆಯೇ ಅವನ ಕ್ರೀಡಾಂಗಣ. ಬರಿಯ ಅಂಗಾಲೇ ಪಾದರಕ್ಷೆ.

1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾ ಏರ್ಪಡಿಸಿದ್ದ ಕ್ರೀಡಾಕೂಟದ ಅಧ್ಯಕ್ಷತೆಯನ್ನು ಸರ್ ದೋರಾಬ್ಜಿ ಟಾಟಾ ಅವರು ವಹಿಸಿದ್ದರು. ದೂರದ ಓಟದಲ್ಲಿ ಪಾಲ್ಗೊಂಡವರಲ್ಲಿ ಹಲವರು ರೈತಾಪಿ ಯುವಕರು. ಬರಿಗಾಲಿನಲ್ಲಿ, ಯಾವ ಶಾಸ್ತ್ರೀಯ ಶಿಕ್ಷಣವೂ ಇಲ್ಲದೆ ಓಡಿದ ಅವರ ವೇಗ ಯೂರೋಪಿನ ಓಟಗಾರರ ವೇಗಕ್ಕೆ ಸಮೀಪವಾಗಿದ್ದುದನ್ನು ಕಂಡು ಟಾಟಾ ಅವರು ಬೆರಗಾದರು. ಇಂಥವರನ್ನು ಒಲಿಂಪಿಕ್ಸಿಗೆ ಏಕೆ ಕಳುಹಿಸಬಾರದು ಎಂಬ ಆಲೋಚನೆ ಅವರಲ್ಲಿ ಬಲಿಯಿತು. ಆದರೆ ನಮ್ಮ ದೇಶದಲ್ಲಿ ಅಂದು ಕ್ರೀಡಾಶಾಸ್ತ್ರದ ತಿಳಿವಳಿಕೆ ಎಷ್ಟರಮಟ್ಟಿಗಿತ್ತು ಎಂಬುದಕ್ಕೆ ಒಂದು ಪ್ರಸಂಗವುಂಟು. ನೂರು ಮೀಟರ್ ಓಟದ ಅರ್ಹತೆಗೆ ಎಷ್ಟು ಕಾಲ ನಿಗದಿಯಾಗಿದೆಯೆಂಬ ಪ್ರಶ್ನೆ ಬಂದಾಗ, ಸಮಿತಿಯ ಸದಸ್ಯರೊಬ್ಬರು ಒಂದೆರಡು ನಿಮಿಷಗಳಿರಬಹುದೆಂದರಂತೆ. ಅಲ್ಲಿ ಲೆಕ್ಕ ನಿಮಿಷಗಳದ್ದಲ್ಲ, ಸೆಕೆಂಡಿನ ಭಾಗಗಳದ್ದು ಎಂದು ತಿಳಿದಾಗ ಅವರು ದಂಗಾದರು!

ಹಣದ ತೊಡಕು ಇದಕ್ಕಿಂತ ದೊಡ್ಡದಾಗಿತ್ತು. ತಂಡವನ್ನು ಕಳುಹಿಸಲು ಸುಮಾರು 35,000 ರೂಪಾಯಿ ಬೇಕೆಂದು ಅಂದಾಜಾಯಿತು. ಅಂದಿನ ಬೆಲೆಗಳಲ್ಲಿ ಇದು ಬಹುದೊಡ್ಡ ಮೊತ್ತ. ಟಾಟಾ ಅವರು ಸ್ವಂತ ಹಣವನ್ನು ನೀಡಿದರು. ಉಳಿದುದನ್ನು ಸರ್ಕಾರದಿಂದಲೂ ಸಾರ್ವಜನಿಕರಿಂದಲೂ ಕೂಡಿಸಬೇಕಾಯಿತು. ಕೊನೆಗೆ ಆಯ್ಕೆಯಾದ ಬೆರಳೆಣಿಕೆಯ ಕ್ರೀಡಾಳುಗಳಲ್ಲಿ ಚೌಗುಲೆಯವರೂ ಒಬ್ಬರು. ಸದಾಶಿವ ದಾತಾರ್ ಅವರು ಮ್ಯಾರಥಾನಿನಲ್ಲಿ ಅವರ ಜೊತೆಗಾರರು. 1920ರ ಜೂನ್ ತಿಂಗಳಿನಲ್ಲಿ ತಂಡವು ಮುಂಬಯಿಯಲ್ಲಿ ಹಡಗನ್ನೇರಿತು.

ಮೊದಲು ತಲಪಿದ್ದು ಇಂಗ್ಲೆಂಡನ್ನು. ಲಂಡನ್ನಿನ ಸ್ಟ್ಯಾಂಫರ್ಡ್ ಬ್ರಿಡ್ಜ್ ಕ್ರೀಡಾಂಗಣದಲ್ಲಿ ಆಂಗ್ಲ ಶಿಕ್ಷಕರೊಬ್ಬರ ಕೈಕೆಳಗೆ ಕೆಲವು ವಾರಗಳ ಕಾಲ ತರಬೇತಿ ನಡೆಯಿತು. ಚೌಗುಲೆಯವರ ನಿಜವಾದ ಪರೀಕ್ಷೆ ಇಲ್ಲಿಂದಲೇ ಆರಂಭವಾಯಿತೆನ್ನಬೇಕು. ಮಣ್ಣಿನ ರಸ್ತೆಗೆ ಒಗ್ಗಿದ ಕಾಲಿಗೆ, ಕಿಟ್ಟದ ಪುಡಿಯನ್ನು ಹಾಸಿ ಗಟ್ಟಿಸಿದ ಪಥ ಹೊಸದು. ಬರಿಗಾಲಿನಲ್ಲಿ ಓಡುವವನ ಹೆಜ್ಜೆ ಮೃದುವಾಗಿ ನೆಲವನ್ನು ಮುಟ್ಟುತ್ತದೆ. ನೆಲ ಬದಲಾದರೆ ಸ್ನಾಯುಗಳು ಹೆಜ್ಜೆಯನ್ನು ಮತ್ತೆ ಕಲಿಯಬೇಕಾಗುತ್ತದೆ. ಹವೆ ಬೇರೆ, ಊಟ ಬೇರೆ, ಕಿವಿಗೆ ಬೀಳುವ ಭಾಷೆಯೂ ಬೇರೆ. ಇನ್ನೊಂದು ಮಾತು: ಮ್ಯಾರಥಾನ್ ಓಟಗಾರನ ದೇಹ ಸ್ನಾಯುಗಳಲ್ಲಿ ಕೂಡಿಟ್ಟುಕೊಂಡ ಶಕ್ತಿ ಸಾಮಾನ್ಯವಾಗಿ ಮೂವತ್ತು ಕಿಲೋಮೀಟರಿನ ಸುಮಾರಿಗೆ ಬತ್ತಿಹೋಗುತ್ತದೆ. ಅಲ್ಲಿಂದಾಚೆಗೆ ಪ್ರತಿ ಹೆಜ್ಜೆಯೂ ಭಾರ. ತಿಂಗಳುಗಟ್ಟಲೆ ದೂರದೂರ ಓಡಿದ ಅಭ್ಯಾಸವೊಂದೇ ಆಗ ಕೈಹಿಡಿಯುವುದು. ಕೆಲವೇ ವಾರಗಳಲ್ಲಿ ಯಾವ ಶಿಕ್ಷಕನೂ ಅದನ್ನು ಹೊಸದಾಗಿ ತುಂಬಿಕೊಡಲಾರ. ಹಾಗಾಗಿ ಊರಿನ ರಸ್ತೆಗಳಲ್ಲಿ ಗಳಿಸಿದ್ದೇ ಚೌಗುಲೆಯವರ ಬಂಡವಾಳವಾಯಿತು.

ಆಂಟ್‌ವರ್ಪ್ ಬೆಲ್ಜಿಯಂ ದೇಶದ ಬಂದರು ನಗರ. ಒಂದನೆಯ ಮಹಾಯುದ್ಧದ ಕಾರಣದಿಂದ 1916ರ ಒಲಿಂಪಿಕ್ಸ್ ನಡೆದಿರಲಿಲ್ಲ. ಯುದ್ಧದಲ್ಲಿ ನೊಂದ ಆ ನಾಡಿಗೆ 1920ರ ಕೂಟವನ್ನು ನಡೆಸುವ ಗೌರವ ದೊರೆತಿತ್ತು. ಅಲ್ಲಿ ಚೌಗುಲೆಯವರಿಗೆ ಮೊದಲು ಎದುರಾದದ್ದು ಸೋಲು. ಹತ್ತು ಸಾವಿರ ಮೀಟರ್ ಓಟದ ಮೊದಲ ಸುತ್ತಿನಲ್ಲಿಯೇ ಅವರು ಓಟವನ್ನು ಪೂರೈಸಲಾಗದೆ ಹಿಂದೆ ಸರಿಯಬೇಕಾಯಿತು. ಹತ್ತು ಕಿಲೋಮೀಟರು ಮುಗಿಸದವನು ಕೆಲವೇ ದಿನಗಳಲ್ಲಿ ಅದರ ನಾಲ್ಕು ಪಟ್ಟಿಗೂ ಮಿಗಿಲಾದ ದೂರವನ್ನು ಓಡಬೇಕು! ಹದಿನೆಂಟು ವರ್ಷದ ತರುಣನ ಎದೆಗುಂದಿಸಲು ಇಷ್ಟು ಸಾಕಾಗಿತ್ತು.

ಆಗಸ್ಟ್ 22ರಂದು ಮ್ಯಾರಥಾನ್. ಅಂದು ಮಳೆ, ಚಳಿ. ಸಾಲದ್ದಕ್ಕೆ ಆ ವರ್ಷದ ಹಾದಿ 42,750 ಮೀಟರು. ಇಂದು ರೂಢಿಯಲ್ಲಿರುವ 42,195 ಮೀಟರಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಒಲಿಂಪಿಕ್ ಇತಿಹಾಸದಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಮತ್ತೊಂದಿಲ್ಲ. ಸ್ಪರ್ಧಿಗಳ ನಡುವೆ ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ಇದ್ದರು. ಇಟ್ಟಿಗೆ ಕಟ್ಟುವ ಕೆಲಸಗಾರರಾದ ಅವರು 1912ರ ಸ್ಟಾಕ್‌ಹೋಮ್ ಕೂಟದಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದಿದ್ದರು.

ಓಟ ಮುಂದುವರಿದಂತೆ ಒಬ್ಬೊಬ್ಬರಾಗಿ ಹಲವರು ಹಿಂದುಳಿದರು. ಕೆಲವರು ನಡುದಾರಿಯಲ್ಲಿಯೇ ನಿಂತುಬಿಟ್ಟರು. ದಾತಾರ್ ಅವರಿಗೂ ಗುರಿ ಮುಟ್ಟಲಾಗಲಿಲ್ಲ. ಚೌಗುಲೆಯವರು ಮಾತ್ರ ಓಡಿದರು. ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35.8 ಸೆಕೆಂಡುಗಳಲ್ಲಿ ಮೊದಲಿಗರಾದರು. ಅವರ ಹಿಂದೆ ಸುಮಾರು ಹದಿನೆಂಟು ನಿಮಿಷಗಳಲ್ಲಿ, 2 ಗಂಟೆ 50 ನಿಮಿಷ 45.4 ಸೆಕೆಂಡುಗಳಿಗೆ, ಬೆಳಗಾವಿಯ ತರುಣ ಕ್ರೀಡಾಂಗಣದಲ್ಲಿ ಗುರಿ ಮುಟ್ಟಿದರು. ಲೆಕ್ಕ ಹಾಕಿದರೆ ಪ್ರತಿ ಕಿಲೋಮೀಟರಿಗೆ ಸುಮಾರು ನಾಲ್ಕು ನಿಮಿಷ. ಒಂದೆರಡು ಕಿಲೋಮೀಟರು ಈ ವೇಗದಲ್ಲಿ ಓಡಿ ನೋಡಿದವರಿಗೆ ಅದರ ಕಷ್ಟ ತಿಳಿದೀತು. ಅವರಿಗೆ ಲಭಿಸಿದ್ದು ಹತ್ತೊಂಬತ್ತನೆಯ ಸ್ಥಾನ.

ಪದಕವಿಲ್ಲದ ಸ್ಥಾನಕ್ಕೆ ಪತ್ರಿಕೆಗಳಲ್ಲಿ ಜಾಗ ಕಡಿಮೆ. ಚೌಗುಲೆಯವರು 1952ರಲ್ಲಿ ತೀರಿಕೊಂಡರು. 1924ರ ಪ್ಯಾರಿಸ್ ಕೂಟದಲ್ಲಿ ಮಹಾದೇವ್ ಸಿಂಗ್ ಇಪ್ಪತ್ತೊಂಬತ್ತನೆಯವರಾಗಿ ಓಟವನ್ನು ಮುಗಿಸಿದರು. ಅನಂತರದ ಕೂಟಗಳಲ್ಲಿ ಭಾರತದ ಓಟಗಾರರು ಬೂಟುಗಳನ್ನು ಧರಿಸಿ, ಶಿಕ್ಷಕರನ್ನು ಪಡೆದು ಮ್ಯಾರಥಾನಿಗೆ ಇಳಿದರೂ ಆ ಹತ್ತೊಂಬತ್ತನೆಯ ಸ್ಥಾನವನ್ನು ದಾಟುವುದು ಬಹುಕಾಲ ಸಾಧ್ಯವಾಗಲಿಲ್ಲ. ಐವತ್ತಾರು ವರ್ಷಗಳ ತರುವಾಯ, 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ, ಶಿವನಾಥ್ ಸಿಂಗ್ ಹನ್ನೊಂದನೆಯವರಾಗಿ ಬಂದಾಗ ಅದು ಹಿಂದೆ ಬಿದ್ದಿತು. ಶಿವನಾಥ್ ಸಿಂಗ್ ಅವರು ಕೂಡ ಬರಿಗಾಲಿನಲ್ಲಿ ಓಡಿ ಹೆಸರಾದವರು.