ಮೃಗಶಿಲ್ಪಿ ಬಾರೀ

ಬೆಟ್ಟದಪುರ, ಹುಣಸೂರು, ಹೆಗ್ಗಡದೇವನಕೋಟೆಗಳ ಸೀಮೆಯವರಿಗೆ ಹುಲಿಯು ಹೊಸತಲ್ಲ. ನಾಗರಹೊಳೆ, ಕಾಕನಕೋಟೆಗಳ ಕಾಡು ಅದರ ನೆಲೆ. ಅದೇ ಹುಲಿಯನ್ನು ಕಂಚಿನಲ್ಲಿ ಎರಕಹೊಯ್ದು ಮೈಸೂರು ಅರಮನೆಯ ಅಂಗಳದಲ್ಲಿ ನಿಲ್ಲಿಸಿರುವುದನ್ನು ನೋಡಿದವರು ಅನೇಕರು. ಕಾಡುಮೃಗವು ದೇವತೆಯ ವಾಹನವಾಗಿಯೋ ಸಿಂಹಾಸನದ ಅಲಂಕಾರವಾಗಿಯೋ ಮಾತ್ರವಲ್ಲದೆ, ತನ್ನ ಸಹಜರೂಪದಲ್ಲಿಯೇ ಶಿಲ್ಪಕ್ಕೆ ವಸ್ತುವಾಗಬಲ್ಲುದೆಂಬುದನ್ನು ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯನು ಫ್ರಾನ್ಸ್ ದೇಶದ ಆಂಟ್ವಾನ್ ಲೂಯಿ ಬಾರೀ.

ಬಾರೀಯು 1795ರ ಸೆಪ್ಟೆಂಬರ್ 24ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆ ಅಕ್ಕಸಾಲಿ. ಬಾಲ್ಯ ಕಳೆಯುವ ಮೊದಲೇ ಹುಡುಗನು ಲೋಹದ ಮೇಲೆ ಚಿತ್ತಾರ ಕೊರೆಯುವವನೊಬ್ಬನ ಬಳಿ ಕೆಲಸ ಕಲಿಯತೊಡಗಿದನು. 1812ರಲ್ಲಿ ಸೈನ್ಯಕ್ಕೆ ಸೇರಬೇಕಾಯಿತು. ಅಲ್ಲಿಂದ ಮರಳಿದ ಮೇಲೆ ಶಿಲ್ಪವನ್ನೂ ಚಿತ್ರಕಲೆಯನ್ನೂ ಅಭ್ಯಾಸಮಾಡಿ, 1818ರಲ್ಲಿ ರಾಜಧಾನಿಯ ಪ್ರಸಿದ್ಧ ಕಲಾಶಾಲೆಯನ್ನು ಪ್ರವೇಶಿಸಿದನು. ಅಲ್ಲಿ ಮೊದಲ ಬಹುಮಾನ ಪಡೆದವರನ್ನು ಸರಕಾರದ ವೆಚ್ಚದಲ್ಲಿ ರೋಮ್ ನಗರಕ್ಕೆ ಕಳುಹಿಸುತ್ತಿದ್ದರು. ಬಾರೀಗೆ 1820ರಲ್ಲಿ ಎರಡನೆಯ ಬಹುಮಾನ ಬಂದಿತೇ ಹೊರತು ಮೊದಲನೆಯದು ಎಂದೂ ಒಲಿಯಲಿಲ್ಲ.

ಹೊಟ್ಟೆಪಾಡಿಗಾಗಿ ಅವನು 1823ರಲ್ಲಿ ಅಕ್ಕಸಾಲಿಯೊಬ್ಬನ ಕಾರ್ಯಾಗಾರವನ್ನು ಸೇರಿ, ಸಣ್ಣಸಣ್ಣ ಪ್ರಾಣಿಗಳ ಮಾದರಿಗಳನ್ನು ರಚಿಸುವ ಕೆಲಸದಲ್ಲಿ ತೊಡಗಿದನು. ಈ ಕೆಲಸವೇ ಅವನಿಗೆ ದಾರಿ ತೋರಿತು. ಪ್ಯಾರಿಸಿನ ಸಸ್ಯೋದ್ಯಾನದಲ್ಲಿ ಒಂದು ಮೃಗಶಾಲೆಯೂ ಪ್ರಕೃತಿವಿಜ್ಞಾನದ ವಸ್ತುಸಂಗ್ರಹಾಲಯವೂ ಇದ್ದವು. ಬಾರೀಯು ಅಲ್ಲಿಗೆ ಹೋಗಿ, ಸಿಂಹ ಹುಲಿಗಳ ನಡೆಯನ್ನೂ ನಿಲುವನ್ನೂ ಗಮನಿಸಿ ಚಿತ್ರ ಬರೆಯುತ್ತಿದ್ದನು. ವರ್ಣಚಿತ್ರಕಾರ ದೆಲಾಕ್ರ್ವಾ ಅವನ ಜೊತೆಗಾರ. ಮೃಗವೊಂದು ಸತ್ತಿತೆಂದರೆ ಗೆಳೆಯರಿಬ್ಬರೂ ಅಲ್ಲಿ ಹಾಜರು. ಬಾರೀಯು ಅದರ ಎಲುಬುಗಳನ್ನು ಅಳೆದು, ಸ್ನಾಯುಗಳ ಹೆಣಿಗೆಯನ್ನು ಪರೀಕ್ಷಿಸಿ ಗುರುತುಹಾಕಿಕೊಳ್ಳುವನು. ಕಲಾಶಾಲೆಯು ಕಲಿಸದಿದ್ದುದನ್ನು ಅವನು ಹೀಗೆ ತಾನೇ ಕಲಿತನು.

ಈ ಸಾಧನೆಯ ಫಲವು 1831ರ ಕಲಾಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿದ್ದಿತು. ಗಂಗಾನದಿಯ ಉದ್ದಮೂತಿಯ ಮೊಸಳೆಯನ್ನು ಹುಲಿಯು ಕಚ್ಚಿ ಸೀಳುತ್ತಿರುವ ಶಿಲ್ಪವದು. ನಮ್ಮ ನಾಡನ್ನು ಎಂದೂ ಕಾಣದ ಶಿಲ್ಪಿಯು ನಮ್ಮ ಮೃಗಗಳಿಗೆ ಜೀವ ತುಂಬಿದ್ದನು. 1833ರಲ್ಲಿ ಅವನು ಹಾವನ್ನು ತುಳಿದು ಗರ್ಜಿಸುವ ಸಿಂಹವನ್ನು ಪ್ರದರ್ಶಿಸಿದನು. ಸರಕಾರವು ಅದನ್ನು ಕಂಚಿನಲ್ಲಿ ಎರಕಹೊಯ್ಯಿಸಲು ಒಪ್ಪಿತು.

ಆ ಕೆಲಸವನ್ನು ಒನೊರೆ ಗೊನೋ ಎಂಬ ಎರಕದವನು ಮೇಣದ ವಿಧಾನದಲ್ಲಿ ನೆರವೇರಿಸಿದನು. ಮೊದಲು ಮೇಣದಲ್ಲಿ ರೂಪವನ್ನು ಸಿದ್ಧಪಡಿಸಿ, ಅದರ ಮೇಲೆ ಮಣ್ಣಿನಂಥ ವಸ್ತುವನ್ನು ಮೆತ್ತುವರು. ಕಾಯಿಸಿದಾಗ ಮೇಣವು ಕರಗಿ ಹರಿದುಹೋಗುತ್ತದೆ. ಬರಿದಾದ ಆ ಎಡೆಯಲ್ಲಿ ಕರಗಿದ ಕಂಚನ್ನು ಹೊಯ್ಯುವರು. ಮೇಣದ ಮೇಲಿದ್ದ ಒಂದೊಂದು ರೋಮವೂ ಲೋಹದಲ್ಲಿ ಮೂಡುತ್ತದೆ. ಈ ವಿದ್ಯೆ ಕನ್ನಡನಾಡಿಗೆ ಅಪರಿಚಿತವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ ತನ್ನ ಮಾನಸೋಲ್ಲಾಸ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ.

1836ರಲ್ಲಿ ಈ ಸಿಂಹವನ್ನು ತ್ವಿಲೆರೀ ಎಂಬ ಅರಮನೆಯ ಉದ್ಯಾನದಲ್ಲಿ ಸ್ಥಾಪಿಸಿದರು. ದೇವತೆಗಳೂ ವೀರರೂ ನಿಲ್ಲಬೇಕಾದ ತೋಟವು ಮೃಗಶಾಲೆಯಾಯಿತೆಂದು ಹಳೆಯ ಪದ್ಧತಿಯವರು ಹಾಸ್ಯಮಾಡಿದರು. ಮರುವರ್ಷವೇ ಅವರ ವಿರೋಧದ ಬಿಸಿ ಶಿಲ್ಪಿಗೆ ತಟ್ಟಿತು. ಯುವರಾಜನಿಗಾಗಿ ಅವನು ನಿರ್ಮಿಸಿದ್ದ ಬೇಟೆಯ ಶಿಲ್ಪಗಳನ್ನು ಪ್ರದರ್ಶನದ ತೀರ್ಪುಗಾರರು ತಿರಸ್ಕರಿಸಿದರು. ಅವು ಕೇವಲ ಅಕ್ಕಸಾಲೆಯ ಕುಸುರಿ, ಶಿಲ್ಪವಲ್ಲವೆಂಬುದು ಅವರ ಆಕ್ಷೇಪ. ಅಭಿಮಾನಧನನಾದ ಬಾರೀಯು ಹಲವು ವರ್ಷ ಆ ಪ್ರದರ್ಶನದ ಕಡೆ ತಲೆಹಾಕಲಿಲ್ಲ. ತಾನೇ ಎರಕದ ಮನೆಯೊಂದನ್ನು ತೆರೆದು, ಸಾಮಾನ್ಯರ ಮನೆಗಳಿಗೂ ತಲಪುವಂಥ ಸಣ್ಣ ಕಂಚಿನ ಮೃಗಗಳನ್ನು ಮಾಡಿ ಮಾರತೊಡಗಿದನು.

ಆದರೆ ಕಲೆಯಲ್ಲಿದ್ದ ನೈಪುಣ್ಯ ವ್ಯಾಪಾರದಲ್ಲಿರಲಿಲ್ಲ. ಎರಕದ ಕೆಲಸ ಚೊಕ್ಕಟವಾಗಬೇಕೆಂಬ ಹಟದಿಂದ ವೆಚ್ಚ ಏರಿತು, ಸಾಲ ಬೆಳೆಯಿತು. 1848ರಲ್ಲಿ ಅವನು ದಿವಾಳಿಯಾದನು. ಜೀವಮಾನದ ದುಡಿಮೆಯಾದ ಮಾದರಿಗಳು ಸಾಲಗಾರನ ವಶವಾದವು. ತನ್ನ ಕೃತಿಗಳಿಂದ ಬರುವ ಪ್ರತಿಫಲವು ಪರರ ಪಾಲಾಗುವುದನ್ನು ಐವತ್ತು ದಾಟಿದ ಶಿಲ್ಪಿಯು ನೋಡಬೇಕಾಯಿತು. ಆದರೂ ಅವನು ಉಳಿಯನ್ನು ಕೆಳಗಿಡಲಿಲ್ಲ. ಅದೇ ವರ್ಷ ಲೂವ್ರ್ ವಸ್ತುಸಂಗ್ರಹಾಲಯದ ಅಚ್ಚುಗಳ ಕಾರ್ಯಾಗಾರದಲ್ಲಿ ಉದ್ಯೋಗ ದೊರೆಯಿತು. ಕೆಲವು ವರ್ಷಗಳ ತರುವಾಯ ಸಾಲ ತೀರಿಸಿ ಮಾದರಿಗಳನ್ನು ಬಿಡಿಸಿಕೊಂಡನು.

1854ರಲ್ಲಿ ಸಸ್ಯೋದ್ಯಾನದ ವಸ್ತುಸಂಗ್ರಹಾಲಯವು ಅವನನ್ನು ಪ್ರಾಣಿಚಿತ್ರಣದ ಅಧ್ಯಾಪಕನನ್ನಾಗಿ ನೇಮಿಸಿತು. ತಾನು ಗುರುವಿಲ್ಲದೆ ಕಲಿತ ಎಡೆಯಲ್ಲಿಯೇ ಅವನು ಗುರುವಾದನು. ಮುಂದೆ ಜಗದ್ವಿಖ್ಯಾತನಾದ ರೋದ್ಯಾನು ಅಲ್ಲಿ ಕೆಲಕಾಲ ಅವನ ಶಿಷ್ಯನಾಗಿದ್ದನು. 1868ರಲ್ಲಿ ಫ್ರಾನ್ಸಿನ ಲಲಿತಕಲಾ ಅಕಾಡೆಮಿಯು ಅವನಿಗೆ ಸದಸ್ಯತ್ವ ನೀಡಿತು. 1875ರ ಜೂನ್ 25ರಂದು ಬಾರೀಯು ಪ್ಯಾರಿಸಿನಲ್ಲಿ ಕಾಲವಾದನು. ಹತ್ತು ವರ್ಷಗಳ ಅನಂತರ, ದೂರದ ಅಮೆರಿಕದ ಬಾಲ್ಟಿಮೋರ್ ನಗರದ ಚೌಕದ ತೋಟದಲ್ಲಿಯೂ ಅವನ ಕಂಚಿನ ಸಿಂಹವೊಂದು ಬಂದು ಕುಳಿತಿತು.

ಉದ್ಯಾನಕ್ಕೆ ಬೇಡವೆಂದು ಕೆಲವರು ನಕ್ಕ ಸಿಂಹವು ಇಂದು ಲೂವ್ರ್‌ನಲ್ಲಿ ರಾಷ್ಟ್ರದ ಸಂಪತ್ತಾಗಿದೆ. ಅಕ್ಕಸಾಲೆಯ ಕಸುಬನ್ನು ಕೀಳೆಂದು ಬಗೆಯದೆ, ಕಣ್ಣಾರೆ ಕಂಡು ಕೈಯಾರೆ ಅಳೆದು ಅರಿತುದನ್ನೇ ಕಂಚಿನಲ್ಲಿ ನುಡಿಸಿದ ದುಡಿಮೆಗಾರನಿಗೆ ಸಂದ ಗೌರವವಿದು.