ಬೊಬ್ಬಿಲಿಯಲ್ಲಿ ಗೆದ್ದ ಕಾರ್ಮಿಕರ ವಕೀಲ

ವರಾಹಗಿರಿ ವೆಂಕಟ ಗಿರಿ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುವುದು 1969ರ ರಾಷ್ಟ್ರಪತಿ ಚುನಾವಣೆ. 1965ರಿಂದ 1967ರವರೆಗೆ ಅವರು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದುದನ್ನೂ ಕೆಲವರು ಬಲ್ಲರು. ಆದರೆ ಅವರ ಬಾಳಿನ ದೊಡ್ಡ ತಿರುವು ಇವೆರಡಕ್ಕೂ ಬಹಳ ಹಿಂದೆ, ಮದರಾಸು ಪ್ರಾಂತದ ರಾಜಕಾರಣಕ್ಕೆ ಅವರು ಇಳಿದಾಗ ಬಂದಿತೆಂಬುದು ನನ್ನ ಎಣಿಕೆ.

ಗಿರಿಯವರು ಜನಿಸಿದ್ದು 1894ರ ಆಗಸ್ಟ್ 10ರಂದು, ಬರ್ಹಾಂಪುರದ ತೆಲುಗು ಮನೆತನದಲ್ಲಿ. ತಂದೆ ಜೋಗಯ್ಯ ಪಂತುಲು ವಕೀಲರು. ಮಗನೂ 1913ರಲ್ಲಿ ಕಾನೂನು ಕಲಿಯಲು ಐರ್ಲೆಂಡಿನ ಡಬ್ಲಿನ್‌ಗೆ ಹೋದರು. 1916ರ ಈಸ್ಟರ್ ಬಂಡಾಯದ ಬಳಿಕ ಐರಿಷ್ ಕ್ರಾಂತಿಕಾರರ ಸಂಪರ್ಕದ ಶಂಕೆಯಿಂದ ಆ ದೇಶವನ್ನು ಬಿಡಬೇಕಾಯಿತು. ಊರಿಗೆ ಮರಳಿ ಆರಂಭಿಸಿದ ವಕೀಲಿಯನ್ನು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ತೊರೆದರು.

ಕಪ್ಪು ಕೋಟು ಕಳಚಿದರೂ ವಾದ ನಿಲ್ಲಲಿಲ್ಲ. ಕಕ್ಷಿದಾರರು ಮಾತ್ರ ಬದಲಾದರು. ಬಂಗಾಳ ನಾಗಪುರ ರೈಲ್ವೆಯ ಕೆಲಸಗಾರರನ್ನು ಅವರು ಸಂಘಟಿಸಿದರು. ನೌಕರರ ಕಡಿತವನ್ನು ವಿರೋಧಿಸಿ 1928ರಲ್ಲಿ ನಡೆದ ಮುಷ್ಕರವನ್ನು ಶಾಂತಿಯುತವಾಗಿ ಮುನ್ನಡೆಸಿದರು. 1931ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಕಾರ್ಮಿಕರ ಪ್ರತಿನಿಧಿಯಾಗಿ ಕುಳಿತರು.

1937ರ ಚುನಾವಣೆ ಬಂದಿತು. ದಕ್ಷಿಣ ಕನ್ನಡ, ಬಳ್ಳಾರಿಗಳೂ ಅಂದು ಮದರಾಸು ಪ್ರಾಂತಕ್ಕೇ ಸೇರಿದ್ದವು. ಅಲ್ಲಿನ ವಿಧಾನಸಭೆಯ 215 ಸ್ಥಾನಗಳಲ್ಲಿ 6 ಸ್ಥಾನಗಳು ಕಾರ್ಮಿಕರಿಗೇ ಮೀಸಲು. ಗಿರಿಯವರಂಥವರಿಗೆ ಅದು ಹೇಳಿ ಮಾಡಿಸಿದ ಹಾದಿ. ಆದರೆ ಅವರು ನಿಂತದ್ದು ಬೊಬ್ಬಿಲಿಯಲ್ಲಿ, ಬೊಬ್ಬಿಲಿಯ ರಾಜರ ಎದುರು. ಆ ರಾಜರು ಬರಿಯ ಜಮೀನ್ದಾರರಲ್ಲ. ಜಸ್ಟಿಸ್ ಪಕ್ಷದ ನಾಯಕರು, ಪ್ರಾಂತದ ಪ್ರಧಾನಿ. ಮತದಾರರೋ ಅವರದೇ ಸೀಮೆಯವರು. ಫಲಿತಾಂಶ ಬಂದಾಗ ರಾಜರು ಸೋತಿದ್ದರು, ಕಾಂಗ್ರೆಸ್ 159 ಸ್ಥಾನಗಳನ್ನು ಗಳಿಸಿತ್ತು.

ಜುಲೈ ತಿಂಗಳಲ್ಲಿ ರಾಜಾಜಿಯವರ ಮಂತ್ರಿಮಂಡಲ ರಚನೆಯಾಯಿತು. ಗಿರಿಯವರಿಗೆ ಕಾರ್ಮಿಕ ಹಾಗೂ ಕೈಗಾರಿಕಾ ಖಾತೆ ದೊರೆಯಿತು. ಮುಷ್ಕರ ಹೂಡಿಸುತ್ತಿದ್ದವರು ಈಗ ಮುಷ್ಕರ ಬಗೆಹರಿಸಬೇಕಾದ ಕುರ್ಚಿಯಲ್ಲಿದ್ದರು. ಕೊಯಮತ್ತೂರಿನ ಹತ್ತಿ ಗಿರಣಿಗಳಲ್ಲಿ ಅಶಾಂತಿಯಿದ್ದ ಕಾಲವದು. ಮಾಲೀಕರು, ಕಾರ್ಮಿಕರು ಎದುರೆದುರು ಕುಳಿತು ಮಾತುಕತೆಯಿಂದ ಒಪ್ಪಂದಕ್ಕೆ ಬರಬೇಕು, ಸರ್ಕಾರ ಮಧ್ಯಸ್ಥನಾಗಿ ನೆರವಾಗಬೇಕು, ಕಡ್ಡಾಯದ ತೀರ್ಪು ಕೊನೆಯ ಅಸ್ತ್ರವಾಗಬೇಕು ಎಂಬುದು ಅವರ ನಿಲುವು. ಎಲ್ಲವನ್ನೂ ನ್ಯಾಯಮಂಡಳಿಗೆ ಒಪ್ಪಿಸಿದರೆ ಸಂಘದ ಶಕ್ತಿ ಕುಂದುವುದೆಂದು ವಕೀಲರಾಗಿದ್ದವರೇ ವಾದಿಸಿದ್ದು ಸೋಜಿಗ. ಯುದ್ಧದ ಪ್ರಶ್ನೆಯ ಮೇಲೆ 1939ರಲ್ಲಿ ಮಂತ್ರಿಮಂಡಲ ರಾಜೀನಾಮೆಯಿತ್ತಿತು. 1946ರಲ್ಲಿ ಪ್ರಕಾಶಂ ಅವರ ಸರ್ಕಾರದಲ್ಲಿ ಗಿರಿಯವರು ಮತ್ತೆ ಮಂತ್ರಿಯಾದರು.

ಈ ನಿಲುವಿನ ಕಠಿಣ ಪರೀಕ್ಷೆ ನಡೆದದ್ದು ದೆಹಲಿಯಲ್ಲಿ. 1952ರಲ್ಲಿ ಅವರು ಕೇಂದ್ರದ ಕಾರ್ಮಿಕ ಮಂತ್ರಿಗಳಾದರು. ಬ್ಯಾಂಕ್ ನೌಕರರ ವೇತನದ ಬಗ್ಗೆ ಮೇಲ್ಮನವಿ ನ್ಯಾಯಮಂಡಳಿ ಕೊಟ್ಟ ತೀರ್ಪನ್ನು 1954ರಲ್ಲಿ ಸರ್ಕಾರವೇ ತಿದ್ದಿ, ನೌಕರರ ಪಾಲನ್ನು ಕಡಿತಗೊಳಿಸಿತು. ಕಡ್ಡಾಯದ ತೀರ್ಪನ್ನು ಮೆಚ್ಚದ ಗಿರಿಯವರು, ಕೊಟ್ಟ ತೀರ್ಪನ್ನು ಮುರಿಯುವುದನ್ನೂ ಸಹಿಸದೆ ಪದವಿಯನ್ನೇ ಬಿಟ್ಟರು. ಬ್ಯಾಂಕಿನಲ್ಲಿ ದುಡಿಯುವ ನಮ್ಮಂಥವರಿಗೆ ಅವರ ಹೆಸರಿನ ಮೇಲೆ ವಿಶೇಷ ಗೌರವ ಇರುವುದು ಇದಕ್ಕಾಗಿ. ಮುಂದೆ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ನ್ಯಾಯಮೂರ್ತಿ ಗಜೇಂದ್ರಗಡ್ಕರರ ಆಯೋಗ ವಿಷಯವನ್ನು ಪರಿಶೀಲಿಸಿತು. 1955ರಲ್ಲಿ ಆ ತೀರ್ಪಿನ ಬಹುಭಾಗ ನೌಕರರಿಗೆ ಮರಳಿ ದಕ್ಕಿತು. ಗಿರಿಯವರು ರಾಜ್ಯಪಾಲರಾದರು, ರಾಷ್ಟ್ರಪತಿಯಾದರು. ಕಾರ್ಮಿಕ ಮಂತ್ರಿ ಮಾತ್ರ ಮತ್ತೆ ಆಗಲಿಲ್ಲ.