ಪಂಡಿತಾ ರಮಾಬಾಯಿ: ಗಂಗಾಮೂಲದಿಂದ ಕೇಡಗಾಂವದವರೆಗೆ

ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಹೋಗುವಾಗ ದೌಂಡ ದಾಟಿದ ಮೇಲೆ ಕೇಡಗಾಂವ ಎಂಬ ಸಣ್ಣ ನಿಲ್ದಾಣ ಬರುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಕಿಟಕಿಯಿಂದ ನೋಡಿ ಮುಂದೆ ಸಾಗಿದವರೇ. ಆ ಊರಿನಲ್ಲಿ ಮುಕ್ತಿ ಸದನವನ್ನು ಕಟ್ಟಿದ ಪಂಡಿತಾ ರಮಾಬಾಯಿಯವರನ್ನು ಮಹಾರಾಷ್ಟ್ರವು ತನ್ನವರೆಂದೇ ಬಲ್ಲದು. ಆದರೆ ಅವರು ಕಣ್ದೆರೆದದ್ದು ಕನ್ನಡ ನಾಡಿನ ಮಲೆಗಳಲ್ಲಿ. ಗಡಿಯಾಚೆ ಕನ್ನಡ ಕಲಿತ, ಕಲಿಸಿದ ನಾವು ಈ ಶತಮಾನೋತ್ಸವ ಸಂಪುಟದಲ್ಲಿ ಅವರನ್ನು ನೆನೆಯಲು ಇದೊಂದು ಕಾರಣ. ಇನ್ನೊಂದು ಕಾರಣವೂ ಉಂಟು. ಅವರನ್ನು ಧೀರೆಯೆಂದು ಎಲ್ಲರೂ ಹೊಗಳುತ್ತಾರೆ. ಅವರು ಎಷ್ಟು ಅಂಜಿದ್ದರೆಂಬುದನ್ನು ಹೇಳುವವರು ಕಡಿಮೆ.

ಕಾರ್ಕಳದ ಬಳಿಯ ಮಾಳದವರಾದ ಅನಂತ ಶಾಸ್ತ್ರಿ ಡೋಂಗರೆ ದೊಡ್ಡ ಸಂಸ್ಕೃತ ಪಂಡಿತರು. ಮಡದಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ತಮ್ಮವರ ಅಸಮಾಧಾನಕ್ಕೆ ಗುರಿಯಾಗಿ, ತುಂಗಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡರು. ಅಲ್ಲಿಯೇ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು. ಮಗು ಕೆಲವೇ ತಿಂಗಳಿನದಾಗಿದ್ದಾಗ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳೊಬ್ಬ ತಲೆಯ ಮೇಲೆ ಹೊತ್ತು ನಡೆದ. ಮುಂದೆ ಅವರಿಗೆ ಮನೆಯೆಂಬುದೇ ಇರಲಿಲ್ಲ. ದೇವಾಲಯಗಳಲ್ಲಿ ಪುರಾಣ ಓದಿ ಬಂದದ್ದರಲ್ಲಿ ಸಂಸಾರ ನಡೆಯುತ್ತಿತ್ತು. ಬೆಳಗಿನ ಜಾವದಲ್ಲಿ ತಾಯಿ ಹೇಳಿಕೊಟ್ಟ ಪಾಠವೇ ಮಗಳ ಶಾಲೆ.

ಬಳಿಕ ದಕ್ಷಿಣದಲ್ಲಿ ಬರ ಬಿತ್ತು. ಇದ್ದ ಒಡವೆ, ಪಾತ್ರೆ ಎಲ್ಲವೂ ಮಾರಿಹೋದವು. ಎಲೆಗಳನ್ನು ತಿಂದು ಕಾಡಿನಲ್ಲಿ ದಿನ ಕಳೆದರು. ಕೆಲವೇ ತಿಂಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ತಾಯಿಯ ಚಟ್ಟವನ್ನು ಹೊರಲು ನಾಲ್ವರು ಸಿಗಲಿಲ್ಲ. ಇಬ್ಬರು ಮಾತ್ರ ಮರುಗಿ ಮುಂದೆ ಬಂದರು. ಅಣ್ಣ ಶ್ರೀನಿವಾಸನೊಡನೆ ರಮಾ ತಾವೇ ಹೆಗಲು ಕೊಡಬೇಕಾಯಿತು. ಎತ್ತರ ಸಾಲದೆ ಅವರು ಅದನ್ನು ತಲೆಯ ಮೇಲೆ ಹೊತ್ತು ದೂರದ ಸುಡುಗಾಡಿನವರೆಗೆ ನಡೆದರು. ಈ ಸಂಗತಿಯನ್ನು ಓದಿದಾಗಲೆಲ್ಲ ನಮ್ಮ ಕೈ ಪುಸ್ತಕದ ಮೇಲೆಯೇ ನಿಲ್ಲುತ್ತದೆ. ಪಂಜಾಬಿನಲ್ಲಿ ಝೇಲಂ ನದಿಯ ದಂಡೆಯಲ್ಲಿ ಅಣ್ಣ ತಂಗಿ ಚಳಿ ತಾಳದೆ ಮರಳಿನಲ್ಲಿ ಹೊಂಡ ತೋಡಿ, ಕುತ್ತಿಗೆಯವರೆಗೆ ಮರಳು ಮುಚ್ಚಿಕೊಂಡು ರಾತ್ರಿ ಕಳೆದದ್ದೂ ಉಂಟು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಈ ತರುಣಿಗೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಜಾತಿಯ ಕಟ್ಟು ಮೀರಿ ವಿವಾಹವಾಯಿತು. 1882ರ ಫೆಬ್ರವರಿಯಲ್ಲಿ ಕಾಲರಾ ಅವರನ್ನೂ ಒಯ್ದಿತು. ಇಪ್ಪತ್ತಮೂರರ ಹರೆಯದ ವಿಧವೆಯ ಮಡಿಲಲ್ಲಿ ಉಳಿದದ್ದು ಹತ್ತು ತಿಂಗಳ ಮಗಳು ಮನೋರಮೆ.

ವೈದ್ಯಶಾಸ್ತ್ರ ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಅದು ಕೈಗೂಡಲಿಲ್ಲ. ವಾಂಟೇಜಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ತಂಗಿದ್ದಾಗ ಒಂದು ಘೋರ ನಡೆಯಿತು. ಜೊತೆಗೆ ಬಂದಿದ್ದ ಗೆಳತಿಯು ಬಲವಂತದ ಮತಾಂತರದ ಶಂಕೆಯಿಂದ ಬುದ್ಧಿ ಕದಡಿ, ಒಂದು ರಾತ್ರಿ ರಮಾಬಾಯಿಯವರ ಕುತ್ತಿಗೆ ಹಿಸುಕಲು ಹೊರಟು, ಬಳಿಕ ತನ್ನ ಪ್ರಾಣವನ್ನೇ ಕಳೆದುಕೊಂಡಳು. ಆಮೇಲೆ ಆಕ್ಸ್‌ಫರ್ಡಿನಲ್ಲಿ ಮ್ಯಾಕ್ಸ್ ಮುಲ್ಲರರ ಮನೆಗೆ ಬಂದ ರಮಾಬಾಯಿಯವರು ಒಂಟಿಯಾಗಿ ಮಲಗಲಾರದಾಗಿದ್ದರು. ರಾತ್ರಿ ಅವರ ಕೋಣೆಯಲ್ಲಿ ಸೇವಕಿಯೊಬ್ಬಳನ್ನು ಮಲಗಿಸಬೇಕಾಗಿತ್ತು. ಹಸಿವು, ಕಾಡು, ಸಾವು ಎಲ್ಲವನ್ನೂ ಕಂಡವರನ್ನು ಈ ಭಯವು ನೆಲಕ್ಕೆ ಕೆಡವಿತು.

ಆ ವರ್ಷದ ಸೆಪ್ಟೆಂಬರ್ 29ರಂದು ಅವರು ಮಗಳೊಡನೆ ದೀಕ್ಷಾಸ್ನಾನ ಪಡೆದರು. ಪತಿತರೆನಿಸಿದ ಹೆಂಗಸರನ್ನು ಆ ಸಹೋದರಿಯರು ಅಕ್ಕರೆಯಿಂದ ಸಲಹುವುದನ್ನು ಕಂಡು ಅವರ ಮನಸ್ಸು ಕರಗಿತ್ತು. ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತನಾಡಿದ ಕಥೆಯು ಅವರನ್ನು ಸೆಳೆದಿತ್ತು. ಆದರೆ ದೀಕ್ಷೆಯ ದಿನವೇ ಅಂಜಿಕೆ ಅಳಿಯಿತೆಂದರೆ ಅದು ಸುಳ್ಳಾದೀತು. ತಾವು ಒಪ್ಪಿದ್ದು ಧರ್ಮವನ್ನು, ಕ್ರಿಸ್ತನನ್ನಲ್ಲ ಎಂದು ಅವರೇ ಮುಂದೆ ಬರೆದುಕೊಂಡರು. ಪಾಪಕ್ಷಮೆಯನ್ನು ಪುಣ್ಯದಿಂದ ಗಳಿಸಬೇಕಾಗಿಲ್ಲ, ಅದು ದೇವರ ದಾನ ಎಂಬ ನೆಮ್ಮದಿ ಒಳಗಿಳಿಯಲು ಎಂಟು ವರ್ಷಗಳು ಹಿಡಿದವು. ಪುಣ್ಯ ಗಳಿಸಲೆಂದು ಸಾವಿರಾರು ಮೈಲಿ ನಡೆದ ಕುಟುಂಬದ ಮಗಳಿಗೆ ಇದು ಸಣ್ಣ ಮಾತಲ್ಲ.

1889ರಲ್ಲಿ ಅವರು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದು, ಮರುವರ್ಷ ಪುಣೆಗೆ ಸಾಗಿಸಿದರು. ಮತಾಂತರದ ಆಕ್ಷೇಪವೆದ್ದು 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೂ ದೂರ ಸರಿದರು; ಅನೇಕ ಪಾಲಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ರಮಾಬಾಯಿಯವರ ಪ್ರಾರ್ಥನೆಯ ಕೋಣೆಯ ಬಾಗಿಲು ತೆರೆದಿರುತ್ತಿತ್ತು, ಹುಡುಗಿಯರು ಬಂದು ಕೂರುತ್ತಿದ್ದರು. ಪಾಲಕರ ಕಳವಳವನ್ನು ನಾವು ಹಗುರವಾಗಿ ಕಾಣೆವು. ನಂಬಿದ್ದನ್ನು ಬಚ್ಚಿಡಲಾರದವರ ಇಕ್ಕಟ್ಟನ್ನೂ ಬಲ್ಲೆವು.

ಅವರ ಭಯಕ್ಕೆ ನಿಜವಾದ ಪರೀಕ್ಷೆ ಬಂದದ್ದು 1896–97ರ ಬರದಲ್ಲಿ. ಮಧ್ಯಪ್ರಾಂತ್ಯದಲ್ಲಿ ಹುಡುಗಿಯರು ಹಸಿದು ಸಾಯುತ್ತಿದ್ದಾರೆ, ದುರುಳರ ಕೈಗೆ ಬೀಳುತ್ತಿದ್ದಾರೆ ಎಂಬ ಸುದ್ದಿ ಬಂದಾಗ ಅವರ ಕಣ್ಣೆದುರು ನಿಂತದ್ದು ತಮ್ಮದೇ ಹದಿನಾರರ ವಯಸ್ಸು. ಅಮೆರಿಕದ ಸಂಘ ಕಳಿಸುತ್ತಿದ್ದ ಹಣ ಶಾರದಾ ಸದನಕ್ಕೆ ಮೀಸಲು; ಹೊಸಬರಿಗೆ ಅನ್ನವೆಲ್ಲಿಂದ? ದೇವರು ಒದಗಿಸುತ್ತಾನೆಂದು ನಂಬಿ ಹೊರಟರು. ಯಾವ ದೃಶ್ಯದಿಂದ ಓಡಿಹೋಗಬೇಕಿತ್ತೋ ಅದರ ನಡುವಿಗೇ ಮರಳಿ ನಡೆದು ಸುಮಾರು ಮುನ್ನೂರು ಮಂದಿಯನ್ನು ಕರೆತಂದರು. ಆಗ ಪುಣೆಯಲ್ಲಿ ಪ್ಲೇಗು. ಅವರನ್ನು ಊರೊಳಗೆ ಇರಿಸಲು ಅಧಿಕಾರಿಗಳು ಬಿಡಲಿಲ್ಲ. ಕೇಡಗಾಂವದಲ್ಲಿ ಕೊಂಡಿದ್ದ ಬಯಲಿನಲ್ಲಿ ಡೇರೆ ಹಾಕಿದರು. 1900ರ ಗುಜರಾತಿನ ಬರದ ಬಳಿಕ ಅಲ್ಲಿ ಉಣ್ಣುವವರು ಎರಡು ಸಾವಿರದ ಹತ್ತಿರಕ್ಕೆ ಏರಿದರು. ನೇಯ್ಗೆ, ಹೊಲಿಗೆ, ಮುದ್ರಣ ಕಲಿತರು. ಕುರುಡು ಹುಡುಗಿಯರು ಬ್ರೈಲ್ ಓದಿದರು. ಮುಂದೆ ತಾಯಿ ಮಗಳು ಕಲಬುರಗಿಯಲ್ಲಿಯೂ ಶಾಲೆ ತೆರೆದರು. ಕಲಬುರಗಿ, ಸೊಲ್ಲಾಪುರ, ಕೇಡಗಾಂವ ಒಂದೇ ರೈಲುಹಾದಿಯ ಊರುಗಳಲ್ಲವೇ!

ಕಡೆಯ ವರ್ಷಗಳನ್ನು ಅವರು ಬೈಬಲ್ಲನ್ನು ಹೀಬ್ರೂ, ಗ್ರೀಕಿನಿಂದ ಹಳ್ಳಿಯ ಹೆಂಗಸಿಗೂ ತಿಳಿಯುವ ಮರಾಠಿಗೆ ತರುವುದಕ್ಕೆ ಮುಡಿಪಿಟ್ಟರು. 1921ರ ಜುಲೈಯಲ್ಲಿ ಮನೋರಮೆ ತೀರಿಕೊಂಡರು. ಸದನದ ಭಾರವೆಲ್ಲ ಹೊರಬೇಕಾಗಿದ್ದ ಮಗಳು. ತಾಯಿ ಮತ್ತೆ ಅಚ್ಚಿನ ಕರಡುಗಳ ಮುಂದೆ ಕುಳಿತರು. ಕೆಲಸ ಮುಗಿಯುತ್ತ ಬಂದಾಗ, 1922ರ ಏಪ್ರಿಲ್ 5ರಂದು, ಕೇಡಗಾಂವದಲ್ಲಿ ಕಣ್ಮುಚ್ಚಿದರು.